ವಾಣಿಜ್ಯದ ಸಿರಿ ಮತ್ತು ಶಾಲೆಯ ಹಾಜರಿ: ಬ್ರೆಜಿಲ್ ದೇಶದ ಅನುಭವ

ಬಂದರಿನಿಂದ ಹೊರಡುವ ಹಡಗುಗಳನ್ನು ಎಣಿಸಿ ಒಂದು ರಾಷ್ಟ್ರದ ಪ್ರಜೆಗಳ ಸುಖವನ್ನು ಅಳೆಯುವ ವಾಡಿಕೆಯುಂಟು. ಈ ಅಳತೆ ಎಷ್ಟು ಅಪೂರ್ಣವೆಂಬುದಕ್ಕೆ ದಕ್ಷಿಣ ಅಮೆರಿಕದ ಬ್ರೆಜಿಲ್ ನಿದರ್ಶನವಾಗಿದೆ. ಸಕ್ಕರೆ, ಚಿನ್ನ, ಕಾಫಿ ಎಂದು ಒಂದಾದ ಮೇಲೊಂದರಂತೆ ಆ ನೆಲದ ಸಂಪತ್ತು ಶತಮಾನಗಳ ಕಾಲ ಹಡಗೇರಿತು. ಅದನ್ನು ಬೆಳೆದ, ಅಗೆದ ಕೈಗಳು ಬಹುಮಟ್ಟಿಗೆ ಗುಲಾಮರವು. 1888ರಲ್ಲಿ ಗುಲಾಮಗಿರಿ ಶಾಸನರೀತ್ಯಾ ರದ್ದಾಯಿತಾದರೂ, ಬಿಡುಗಡೆ ಹೊಂದಿದವರಿಗೆ ಭೂಮಿಯನ್ನಾಗಲಿ ವಿದ್ಯೆಯನ್ನಾಗಲಿ ಆ ಶಾಸನವು ಒದಗಿಸಲಿಲ್ಲ.

ಚೀನಾದೊಡನೆ 1993ರಲ್ಲಿ ಏರ್ಪಟ್ಟ ಸಹಭಾಗಿತ್ವವು ಹೊಸ ಅಧ್ಯಾಯವನ್ನು ತೆರೆಯಿತು. 2001ರಲ್ಲಿ ಚೀನಾ ವಿಶ್ವ ವಾಣಿಜ್ಯ ಸಂಸ್ಥೆಯನ್ನು ಸೇರಿದ ತರುವಾಯ ಕರಾಜಾಸ್ ಗಣಿಗಳ ಕಬ್ಬಿಣದ ಅದಿರಿಗೂ ಮಾತೊ ಗ್ರಾಸೊ ಪ್ರಸ್ಥಭೂಮಿಯ ಸೋಯಾ ಅವರೆಗೂ ಬೇಡಿಕೆ ಉಕ್ಕಿತು. 2009ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವನ್ನು ಹಿಂದಿಕ್ಕಿ ಚೀನಾ ಬ್ರೆಜಿಲಿನ ಅತಿ ದೊಡ್ಡ ವಾಣಿಜ್ಯ ಸಂಗಾತಿಯಾಯಿತು.

ಈ ಸಲ ಸಿರಿಯು ಹಿಂದಿನಂತೆ ಕೆಲವರ ಮನೆಯಲ್ಲಿಯೇ ನಿಂತುಬಿಡಲಿಲ್ಲ. ಇದರಲ್ಲಿ ಉಪಾಧ್ಯಾಯರು ಗಮನಿಸಬೇಕಾದ ಅಂಶವೊಂದಿದೆ. ವಿಶ್ವವಿದ್ಯಾನಿಲಯದ ಮುಖ್ಯಸ್ಥರಾಗಿದ್ದ ಕ್ರಿಸ್ಟೊವಾಂ ಬುವಾರ್ಕಿ ಎಂಬುವರು ರಾಜಧಾನಿ ಪ್ರಾಂತದ ಆಡಳಿತ ವಹಿಸಿಕೊಂಡು, 1995ರಲ್ಲಿ ಮಕ್ಕಳನ್ನು ತಪ್ಪದೆ ಶಾಲೆಗೆ ಕಳುಹಿಸುವ ಬಡ ಕುಟುಂಬಗಳಿಗೆ ಮಾಸಿಕ ಸಹಾಯಧನ ನೀಡತೊಡಗಿದರು. ಅದೇ ವರ್ಷ ಕಾಂಪಿನಾಸ್ ನಗರದಲ್ಲಿಯೂ ಇಂಥದೇ ಯೋಜನೆ ನಡೆಯಿತು. ಇಂಥ ಹಲವು ಸಹಾಯಗಳನ್ನು ಒಂದುಗೂಡಿಸಿ ಅಧ್ಯಕ್ಷ ಲೂಲಾ ಅವರ ಸರ್ಕಾರವು 2003ರಲ್ಲಿ 'ಬೊಲ್ಸ ಫಮಿಲಿಯ', ಅಂದರೆ ಕುಟುಂಬ ಸಹಾಯಧನ, ಯೋಜನೆಯನ್ನು ಸ್ಥಾಪಿಸಿತು. ಹಣ ಪಡೆಯುವ ಕಾರ್ಡು ಬಹುಪಾಲು ತಾಯಿಯ ಹೆಸರಿನಲ್ಲಿ. ಆಗ 6ರಿಂದ 15 ವರ್ಷದ ಮಕ್ಕಳಿಗೆ ಶೇಕಡಾ 85ರಷ್ಟು ಹಾಜರಿ ಇರಬೇಕಾಗಿತ್ತು. ಎಳೆಯರಿಗೆ ಚುಚ್ಚುಮದ್ದು, ಗರ್ಭಿಣಿಯರಿಗೆ ವೈದ್ಯಪರೀಕ್ಷೆ ಆಗಿರಬೇಕು. ಹೀಗೆ ಉಪಾಧ್ಯಾಯರ ಹಾಜರಿ ಪುಸ್ತಕವೇ ಖಜಾನೆಯ ಬೀಗದ ಕೈಯಾಯಿತು! ಆದರೆ ಹಾಜರಿ ಕುಗ್ಗಿದೊಡನೆ ಹಣ ನಿಲ್ಲುತ್ತಿರಲಿಲ್ಲ. ಮೊದಲು ಎಚ್ಚರಿಕೆ, ಬಳಿಕ ತಾತ್ಕಾಲಿಕ ತಡೆ, ಕಟ್ಟಕಡೆಗೆ ರದ್ದತಿ. ಮಗು ಶಾಲೆಗೆ ಬಾರದಿರುವುದನ್ನು ಅಪರಾಧವೆನ್ನದೆ, ಆ ಮನೆಗೆ ಒದಗಿದ ಕಷ್ಟದ ಸೂಚನೆಯೆಂದು ಬಗೆದದ್ದು ಈ ವಿಧಾನದ ಹಿರಿಮೆ.

ರಾಷ್ಟ್ರೀಯ ಉತ್ಪನ್ನದ ಶೇಕಡಾ ಅರ್ಧದಷ್ಟು ವೆಚ್ಚದಲ್ಲಿ ಸುಮಾರು 1 ಕೋಟಿ 40 ಲಕ್ಷ ಕುಟುಂಬಗಳಿಗೆ ನೆರವು ದೊರೆಯಿತು. ಆದರೂ ಎಲ್ಲ ಕೀರ್ತಿಯನ್ನು ಇದೊಂದಕ್ಕೇ ಕೊಡುವುದು ಸಲ್ಲದು. ಆದಾಯದ ಅಂತರ ತಗ್ಗಿದುದರಲ್ಲಿ ಕೂಲಿ ಸಂಬಳಗಳ ಏರಿಕೆಯ ಪಾಲೇ ಹಿರಿದು. 2014ರಲ್ಲಿ ವಿಶ್ವಸಂಸ್ಥೆಯ ಹಸಿವಿನ ಭೂಪಟದಿಂದ ಬ್ರೆಜಿಲಿನ ಹೆಸರು ಅಳಿಯಿತು.

ಅಷ್ಟರಲ್ಲಿ ಅದಿರಿನ ಬೆಲೆ ಕುಸಿಯಿತು. 2015 ಮತ್ತು 2016ರಲ್ಲಿ ಉತ್ಪನ್ನ ಪ್ರತಿವರ್ಷ ಶೇಕಡಾ 3ಕ್ಕೂ ಮಿಗಿಲಾಗಿ ಇಳಿಯಿತು. ಕಚ್ಚಾವಸ್ತುವನ್ನೇ ನೆಚ್ಚಿದ ವ್ಯಾಪಾರದ ದೌರ್ಬಲ್ಯ ಬಯಲಾಯಿತು. ಮುಂದೆ ಹಸಿವಿನ ಭೂಪಟಕ್ಕೆ ಆ ಹೆಸರು ಮರಳಿ ಸೇರಿತು. 2021ರಲ್ಲಿ ಯೋಜನೆಯ ಹೆಸರೂ ಸ್ವರೂಪವೂ ಬದಲಾದವು. 2023ರಲ್ಲಿ ಹಳೆಯ ಹೆಸರಿನಿಂದಲೇ ಅದನ್ನು ಮತ್ತೆ ತಂದಾಗ, 4 ವರ್ಷದ ಶಿಶುವಿನ ಹಾಜರಿಯೂ ಲೆಕ್ಕಕ್ಕೆ ಸೇರಿತು.