ಪ್ರಶ್ನಾರ್ಥಕವಾದ ಹಾಡುಗಳು

ಅಕ್ಕಲಕೋಟ ಭಾಗದ ಹಳ್ಳಿಗಳಲ್ಲಿ ನೀವು ಸಂಗ್ರಹಿಸಿದ ಬೀಸುವ ಹಾಡುಗಳನ್ನು ವಿಭಾಗದ ಜಾಲತಾಣಕ್ಕೆ ಏರಿಸಿದ ದಿನ ತೆರೆಯ ತುಂಬ ಪ್ರಶ್ನಾರ್ಥಕ ಚಿಹ್ನೆಗಳೇ ಕಂಡವು. ಹಾಡಿದ ಅಜ್ಜಿಯರಲ್ಲಿ ಒಬ್ಬರು ಈಗಿಲ್ಲ, ಗಾಬರಿ ಸಹಜವೇ. ಮರಾಠಿ ಟಿಪ್ಪಣಿಗಳಿಗೂ ಅದೇ ಗತಿಯಾದುದರಿಂದ, ದೋಷವು ಕನ್ನಡ ಫಾಂಟಿನದಲ್ಲ, ಟಾಮ್‌ಕ್ಯಾಟ್ ಎಂಬ ಜಾವಾ ಸರ್ವರಿನ ಸಂರಚನೆಯದು ಎಂಬ ಸಂಶಯ ಬಂದಿತು.

ಯೂನಿಕೋಡ್ 'ಕ' ಅಕ್ಷರಕ್ಕೆ 3221 ಎಂಬ ಸಂಖ್ಯೆಯನ್ನು ಕೊಟ್ಟಿದೆ. ಯುಟಿಎಫ್-8 ಕ್ರಮದಲ್ಲಿ ಅದು ಮೂರು ಬೈಟುಗಳಾಗಿ ಸಂಚರಿಸುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ ಜೆಎಸ್‌ಪಿ ಪುಟವು ಐಎಸ್‌ಒ-8859-1 ಎಂಬ ಪಶ್ಚಿಮ ಯುರೋಪಿನ ಅಕ್ಷರಕೋಷ್ಟಕದಲ್ಲಿ ಬರೆಯುತ್ತದೆ. ಅಲ್ಲಿ ಕನ್ನಡಕ್ಕೆ ಸ್ಥಾನವೇ ಇಲ್ಲವಾದುದರಿಂದ ಜಾವಾ ಪ್ರಶ್ನಾರ್ಥಕವನ್ನಿಡುತ್ತದೆ. ಇಂಥಲ್ಲಿ ಮೊದಲು ನೋಡಬೇಕಾದುದು ಡೇಟಾಬೇಸನ್ನು. ಅದರಲ್ಲಿಯೂ ಪ್ರಶ್ನಾರ್ಥಕವೇ ಇದ್ದರೆ ಹಾಡು ಹೋದಂತೆಯೇ. ನಮ್ಮ ಪುಣ್ಯ, ಅಲ್ಲಿ ಎಲ್ಲವೂ ಸುರಕ್ಷಿತವಾಗಿದ್ದವು. ವೆಬ್.ಎಕ್ಸ್‌ಎಂಎಲ್ ಕಡತದಲ್ಲಿ ಪುಟಗಳ ಸಂಕೇತಕ್ರಮವನ್ನು ಯುಟಿಎಫ್-8 ಎಂದು ನಮೂದಿಸಿದೆವು.

ಮರುದಿನ ನಮೂನೆಯ ಮೂಲಕ ಸೇರಿಸಿದ ಹೊಸ ಹಾಡುಗಳು ಬೇರೆಯೇ ರೀತಿಯಲ್ಲಿ ಕೆಟ್ಟವು: 'ಕ'ದಂಥ ಒಂದೊಂದು ಅಕ್ಷರಕ್ಕೂ ಮೂರು ವಿಚಿತ್ರ ಚಿಹ್ನೆಗಳು. ಇದು ಓದುವಾಗಿನ ದೋಷ. ಬೈಟುಗಳು ಉಳಿದಿರುವುದರಿಂದ ಸರಿಪಡಿಸಬಹುದು. ಸಂಕೇತಕ್ರಮವನ್ನು ತಿಳಿಸುವ ಫಿಲ್ಟರ್ ಇದ್ದೇ ಇತ್ತು. ಆದರೆ ಅದಕ್ಕಿಂತ ಮುಂಚೆಯೇ ಲಾಗಿನ್ ಫಿಲ್ಟರ್ ನಮೂನೆಯನ್ನು ಓದಿಬಿಡುತ್ತಿತ್ತು. ಓದಿ ಮುಗಿದ ಮೇಲೆ ಕ್ರಮ ಹೇಳಿ ಫಲವೇನು? ಎರಡರ ಸ್ಥಾನಗಳನ್ನು ಅದಲುಬದಲು ಮಾಡಿದೆವು.

ಹುಡುಕುವ ಪದವು ವಿಳಾಸದೊಳಗೆ ಸಾಗುವುದರಿಂದ ಸಾಮಾನ್ಯವಾಗಿ ಅದಕ್ಕೆ ಈ ಫಿಲ್ಟರ್ ತಾಗದು. ಟಾಮ್‌ಕ್ಯಾಟ್ 7ರವರೆಗೆ ಸರ್ವರ್.ಎಕ್ಸ್‌ಎಂಎಲ್ ಕಡತದ ಕನೆಕ್ಟರಿನಲ್ಲಿ ಯುಟಿಎಫ್-8 ಎಂದು ಬರೆಯಬೇಕಿತ್ತು. 8ರಿಂದ ಅದು ತಾನಾಗಿಯೇ ಇದೆ.