ದಡದ ಡಾಲ್ಫಿನ್: ಅಂದುಕೊಂಡದ್ದೇನು, ಇರುವುದೇನು

ಕಾರವಾರದಲ್ಲಿ ದೋಣಿ ಏರಿದವರಿಗೆ ಹೆಚ್ಚಾಗಿ ಕಾಣುವುದು ಗೂನುಬೆನ್ನಿನ ಡಾಲ್ಫಿನ್. ಇದರ ಬಗ್ಗೆ ಕೇಳಿಬರುವ ಮಾತುಗಳಲ್ಲಿ ಅರ್ಧಕ್ಕರ್ಧ ತಪ್ಪು.

ತಪ್ಪು ಕಲ್ಪನೆ: ಅದೊಂದು ದೊಡ್ಡ ಮೀನು.
ವಾಸ್ತವ: ಅಲ್ಲ. ಶ್ವಾಸಕೋಶದಿಂದ ಉಸಿರಾಡುತ್ತದೆ, ಮರಿಗೆ ಹಾಲೂಡುತ್ತದೆ.

ತಪ್ಪು ಕಲ್ಪನೆ: ವಾಸ ಆಳಸಮುದ್ರದಲ್ಲಿ, ದಡಕ್ಕೆ ದಾರಿತಪ್ಪಿ ಬರುತ್ತದೆ.
ವಾಸ್ತವ: ಬೇರೆ ಕೆಲವು ಜಾತಿಗಳ ಮಟ್ಟಿಗೆ ಸರಿ. ಇದರ ಬದುಕೆಲ್ಲ ಸಾಮಾನ್ಯವಾಗಿ 25 ಮೀಟರಿಗಿಂತ ಕಡಿಮೆ ಆಳದ ನೀರಿನಲ್ಲಿ, ಅಳಿವೆಗಳ ಆಸುಪಾಸಿನಲ್ಲಿ. ಬಲೆ ಬೀಳುವುದೂ ಬಂದರು ಕಟ್ಟುವುದೂ ಅಲ್ಲಿಯೇ. ಬಲೆಗೆ ಸಿಕ್ಕಿದ ಡಾಲ್ಫಿನ್ ಮೇಲೆ ಬಂದು ಉಸಿರೆಳೆಯಲಾಗದೆ ಸಾಯುತ್ತದೆ. ಹೆಣ್ಣು ಹೆರುವುದು ಕೆಲವು ವರ್ಷಕ್ಕೊಮ್ಮೆ, ಒಂದೇ ಮರಿ. 2017ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ.

ತಪ್ಪು ಕಲ್ಪನೆ: ಅಧ್ಯಯನ ಮಾಡಬೇಕೆಂದರೆ ಹಿಡಿಯಬೇಕು, ಇಲ್ಲವೇ ಜೊತೆಗೆ ಮುಳುಗಬೇಕು.
ವಾಸ್ತವ: ನಮ್ಮ ಕರಾವಳಿಯ ಕಲಕು ನೀರಿನಲ್ಲಿ ಮುಳುಗಿದರೆ ಕಾಣುವುದು ಅಷ್ಟರಲ್ಲೇ ಇದೆ. ಮುಖ್ಯ ಉಪಕರಣ ಕ್ಯಾಮೆರಾ. ಬೆನ್ನಿನ ಈಜುರೆಕ್ಕೆಯ ಅಂಚಿನಲ್ಲಿರುವ ಸೀಳು, ಗಾಯದ ಕಲೆ ಒಂದೊಂದು ಪ್ರಾಣಿಗೂ ಬೇರೆ. ಅದೇ ಅದರ ಗುರುತಿನ ಚೀಟಿ. ಮತ್ತೆ ಮತ್ತೆ ಹೋಗಿ ಚಿತ್ರ ತೆಗೆದರೆ ಯಾವುದು ಯಾವುದರ ಸಂಗಡ ತಿರುಗುತ್ತದೆ, ಯಾವ ತಾಯಿಯ ಬಳಿ ಮರಿಯಿದೆ ಎಂಬುದು ತಿಳಿಯುತ್ತಾ ಹೋಗುತ್ತದೆ. ಹಳಬರೆಷ್ಟು, ಹೊಸಬರೆಷ್ಟು ಎಂಬ ಲೆಕ್ಕದಿಂದ ಒಟ್ಟು ಸಂಖ್ಯೆಯನ್ನೂ ಅಂದಾಜಿಸಬಹುದು. ನೀರಿಗಿಳಿಬಿಟ್ಟ ಮೈಕ್ರೊಫೋನು ಅವುಗಳ ಸಿಳ್ಳು, ಟಿಕ್‌ಟಿಕ್‌ಗಳನ್ನು ದಾಖಲಿಸುತ್ತದೆ. ಬೇಕಾದದ್ದು ತಾಳ್ಮೆ: ಅಮೆರಿಕದ ಸರಸೋಟಾ ಕೊಲ್ಲಿಯಲ್ಲಿ ಡಾಲ್ಫಿನ್‌ಗಳ ಅಧ್ಯಯನ 1970ರಿಂದ ನಡೆಯುತ್ತಲೇ ಇದೆ.

ತಪ್ಪು ಕಲ್ಪನೆ: ಮುಖ ನೋಡಿ, ಸದಾ ನಗುತ್ತಿರುತ್ತದೆ! ಪ್ರವಾಸಿಗರೆಂದರೆ ಖುಷಿ.
ವಾಸ್ತವ: ಅದು ದವಡೆಯ ರಚನೆ, ಸತ್ತ ಮೇಲೂ ಹಾಗೇ ಇರುತ್ತದೆ. ದೋಣಿಗಳು ಸುತ್ತುವರಿದು ಬೆನ್ನಟ್ಟಿದರೆ ಬೇಟೆಯೂ ವಿಶ್ರಾಂತಿಯೂ ಕೆಡುತ್ತವೆ.

ತಪ್ಪು ಕಲ್ಪನೆ: ಮೀನುಗಾರರಿಗೆ ಅದು ಬರೀ ಶತ್ರು.
ವಾಸ್ತವ: ಬಲೆಯಿಂದ ಮೀನು ಕದಿಯುವುದು, ಬಲೆ ಹರಿಯುವುದು ನಿಜ, ಆ ನಷ್ಟವನ್ನು ಹಗುರವಾಗಿ ಕಾಣಬಾರದು. ಆದರೆ ಕೇರಳದ ಅಷ್ಟಮುಡಿಯಲ್ಲಿ ಇದೇ ಡಾಲ್ಫಿನ್‌ಗಳು ಮೀನನ್ನು ಬೀಸುಬಲೆಯವರ ಕಡೆಗೆ ಅಟ್ಟುವುದೂ ದಾಖಲಾಗಿದೆ.

ತಪ್ಪು ಕಲ್ಪನೆ: ದಡಕ್ಕೆ ಬಿದ್ದ ಹೆಣದಿಂದ ಏನೂ ಪ್ರಯೋಜನವಿಲ್ಲ, ಹೂತುಬಿಡಬೇಕು.
ವಾಸ್ತವ: ಹಲ್ಲಿನ ಪದರಗಳಿಂದ ವಯಸ್ಸು, ಹೊಟ್ಟೆಯಲ್ಲಿ ಉಳಿದ ಮೀನಿನ ಕಿವಿಗಲ್ಲುಗಳಿಂದ ಆಹಾರ, ಮೈಮೇಲಿನ ಬಲೆಯ ಗುರುತಿನಿಂದ ಸಾವಿನ ಕಾರಣ ತಿಳಿಯುತ್ತದೆ. ಕಂಡರೆ ಒಂದು ಫೋಟೊ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ. ಅವರು ಬರುವವರೆಗೆ ಹೂಳಬೇಡಿ.