ಏಳು ಕಡವುಗಳ ದಾರಿ

ಭೂಪಟವನ್ನು ಮೇಜಿನ ಮೇಲೆ ಹರಡಿ, ದಾರಿಯನ್ನು ದಾರದಿಂದ ಅಳೆದು, ಬಂದ ಕಿಲೋಮೀಟರುಗಳನ್ನು ಗಂಟೆಗೆ 60ರಂತೆ ಭಾಗಿಸಿದರೆ ಪ್ರವಾಸದ ಯೋಜನೆ ಮುಗಿಯಿತೆಂದು ತಿಳಿಯುವವರುಂಟು. ನಾವೂ ಹಾಗೆಯೇ ತಿಳಿದಿದ್ದೆವು. ಜರ್ಮನಿಯ ಹ್ಯಾಂಬರ್ಗಿನಲ್ಲಿ ನೆಲೆಸಿರುವ ಮಿತ್ರರೊಬ್ಬರು ತಮ್ಮ ವೃದ್ಧ ತಾಯಿಯವರೊಡನೆ ನಮ್ಮನ್ನೂ ಕಾರಿನಲ್ಲಿ ಕೂರಿಸಿಕೊಂಡು ಡೆನ್ಮಾರ್ಕ್, ಸ್ವೀಡನ್, ನಾರ್ವೆಗಳನ್ನು ಸುತ್ತಿಬರುವ ಸಂಕಲ್ಪ ಮಾಡಿದರು. ಭೌತವಿಜ್ಞಾನದ ಅಧ್ಯಾಪಕರೆಂಬ ಕಾರಣಕ್ಕೆ ಲೆಕ್ಕ ಹಾಕುವ ಹೊಣೆ ನಮ್ಮದಾಯಿತು.

ಆ ದಾರಿ ಏಳು ಕಡೆ ನೀರಿಗೆ ಬಂದು ನಿಲ್ಲುತ್ತದೆ. ನಮ್ಮ ಕರಾವಳಿಯವರು ಕಡವು ಎಂದು ಕರೆಯುವಂಥ ಎಡೆಗಳು ಇವು; ಕಾರು, ಲಾರಿ, ಬಸ್ಸುಗಳನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಹಡಗು ಆಚೆ ದಡಕ್ಕೆ ಒಯ್ಯುವುದು. ಮೊದಲನೆಯದು ಜರ್ಮನಿಯ ಪುಟ್‌ಗಾರ್ಡನ್‌ನಿಂದ ಡೆನ್ಮಾರ್ಕಿನ ರೋಡ್‌ಬಿಗೆ, ಸುಮಾರು 19 ಕಿಲೋಮೀಟರು, 45 ನಿಮಿಷ. ಇಲ್ಲಿ ಸಮುದ್ರತಳದಲ್ಲಿ 18 ಕಿಲೋಮೀಟರು ಉದ್ದದ ಸುರಂಗದ ಕೆಲಸ ನಡೆದಿದೆ. ಎರಡನೆಯದು ಹೆಲ್ಸಿಂಗೋರಿನಿಂದ ಸ್ವೀಡನ್ನಿನ ಹೆಲ್ಸಿಂಗ್‌ಬೋರಿಗೆ, ಇಪ್ಪತ್ತೇ ನಿಮಿಷ. ಮುಂದೆ ಓಸ್ಲೋ ದಾಟಿ ನಾರ್ವೆಯ ಪಶ್ಚಿಮಕ್ಕೆ ಹೋದರೆ ಪರ್ವತಗಳ ನಡುವೆ ನುಗ್ಗಿದ ಕಡಲಿನ ನಾಲಗೆಗಳು, ಅಂದರೆ ಫ್ಯೋರ್ಡುಗಳು, ನಾಲ್ಕು ಸಲ ಅಡ್ಡ ಬರುತ್ತವೆ. ಕೊನೆಯದು ಕ್ರಿಸ್ತಿಯಾನ್‌ಸಾಂಡಿನಿಂದ ಡೆನ್ಮಾರ್ಕಿನ ಹಿರ್ಟ್‌ಸ್ಹಾಲ್ಸಿಗೆ ಮೂರು ಗಂಟೆಗೂ ಮಿಕ್ಕ ಕಡಲ ಯಾನ.

ಫ್ಯೋರ್ಡಿಗೆ ಸೇತುವೆ ಕಟ್ಟಬಾರದೇಕೆ ಎಂದು ವಾಚಕರು ಕೇಳಬಹುದು. ಸೋಗ್ನೆ ಫ್ಯೋರ್ಡಿನ ಆಳ ಅತಿ ಹೆಚ್ಚಿನ ಎಡೆಯಲ್ಲಿ ಸುಮಾರು 1,300 ಮೀಟರು. ಅಷ್ಟು ಆಳದಿಂದ ಕಂಬಗಳನ್ನು ಎಬ್ಬಿಸುವುದು ಸುಲಭಸಾಧ್ಯವಲ್ಲ. ಈ ಫ್ಯೋರ್ಡನ್ನು ಲಾವಿಕ್ ಮತ್ತು ಓಪೆಡಾಲ್‌ಗಳ ನಡುವೆ ದಾಟಿಸಲು 2015ರಲ್ಲಿ ಸೇವೆಗಿಳಿದ 'ಆಂಪೇರ್' ಎಂಬ ಹಡಗು ಪೂರ್ಣವಾಗಿ ವಿದ್ಯುತ್ಕೋಶಗಳಿಂದಲೇ ನಡೆಯುವುದು. ಕಾರುಗಳನ್ನು ಹೊರುವ ಹಡಗುಗಳಲ್ಲಿ ಅಂಥದು ಅದೇ ಮೊದಲು. ಹಡಗು ದಡದಲ್ಲಿ ನಿಲ್ಲುವ ಹತ್ತು ನಿಮಿಷಗಳಲ್ಲಿ ಬೇಕಾದಷ್ಟು ವಿದ್ಯುತ್ತನ್ನು ಒಮ್ಮೆಲೇ ಒದಗಿಸುವ ಶಕ್ತಿ ಆ ಹಳ್ಳಿಗಳ ತಂತಿಗಳಿಗೆ ಇರಲಿಲ್ಲ. ಆದುದರಿಂದ ಎರಡು ದಡಗಳಲ್ಲಿಯೂ ವಿದ್ಯುತ್ಕೋಶಗಳನ್ನಿಟ್ಟು, ಹಡಗು ದೂರವಿದ್ದಾಗ ಅವುಗಳನ್ನು ನಿಧಾನವಾಗಿ ತುಂಬಿಸುವ ಏರ್ಪಾಡು ಮಾಡಿದರು. ಸಣ್ಣ ಕೊಳವೆಯಿಂದ ರಾತ್ರಿಯೆಲ್ಲ ತೊಟ್ಟಿ ತುಂಬಿಸಿಟ್ಟು ಬೆಳಗ್ಗೆ ಬಿಂದಿಗೆಯಲ್ಲಿ ಮೊಗೆದಂತೆ!

ಇನ್ನು ನಮ್ಮ ಲೆಕ್ಕ ತಪ್ಪಿದ ಬಗೆ. ಪ್ರತಿಯೊಂದು ಕಡವಿಗೂ ಅರ್ಧ ಗಂಟೆಯ ಬಿಡುವನ್ನು ಸಮನಾಗಿ ಹಂಚಿದ್ದೆವು. ನೋಡಲು ನ್ಯಾಯವಾಗಿಯೇ ಇತ್ತು. ಆದರೆ ರಸ್ತೆಯಲ್ಲಿ ಹತ್ತು ನಿಮಿಷ ತಡವಾದರೆ ನಷ್ಟವೂ ಹತ್ತು ನಿಮಿಷವೇ, ಕಡವಿನಲ್ಲಿ ಹಾಗಲ್ಲ. ಅಲ್ಲಿ ನಷ್ಟ ಸೊನ್ನೆ, ಇಲ್ಲವೇ ಮುಂದಿನ ಹಡಗಿನವರೆಗಿನ ಇಡೀ ಅವಧಿ. ಅರ್ಧ ಗಂಟೆಗೊಮ್ಮೆ ಹಡಗಿರುವಲ್ಲಿ ಹೊತ್ತುಗೊತ್ತಿಲ್ಲದೆ ಹೋದವನು ಸರಾಸರಿ ಕಾಲು ಗಂಟೆ ಕಾದಾನು. ಸರದಿಯ ನೂಕುನುಗ್ಗಲು ಇಲ್ಲದಿದ್ದರೆ, ಹೆಚ್ಚೆಂದರೆ ಅರ್ಧ ಗಂಟೆ. ದಿನಕ್ಕೆ ಕೆಲವೇ ಹಡಗುಗಳಿರುವ ಕ್ರಿಸ್ತಿಯಾನ್‌ಸಾಂಡಿನಲ್ಲಿ ಐದು ನಿಮಿಷದ ತಡ ಒಂದು ರಾತ್ರಿಯನ್ನೇ ನುಂಗಬಲ್ಲದು. ಹಡಗು ಹೊರಡುವುದಕ್ಕೆ ಬಹಳ ಮುಂಚೆಯೇ ಅಲ್ಲಿ ಗೇಟು ಮುಚ್ಚುವುದು ಬೇರೆ. ಆದುದರಿಂದ ಸಣ್ಣ ಕಡವುಗಳ ಬಿಡುವನ್ನೆಲ್ಲ ಕಿತ್ತು ಕೊನೆಯದರ ಮುಂದೆ ಗುಡ್ಡೆ ಹಾಕಿ, ಹಿಂದಿನ ರಾತ್ರಿ ಆ ಊರಿನಲ್ಲಿಯೇ ತಂಗುವುದೆಂದು ನಿಶ್ಚಯಿಸಿದೆವು. ಹಡಗಿನ ದರ ವಾಹನದ ಉದ್ದ, ಎತ್ತರಗಳನ್ನು ಅನುಸರಿಸುವುದರಿಂದ ಕಾರಿನ ಮಾಡಿನ ಮೇಲಿನ ಪೆಟ್ಟಿಗೆಯನ್ನೂ ಸೇರಿಸಿ ಅಳೆಯಿಸಿದೆವು.

ಎಲ್ಲವನ್ನೂ ಓದಿ ಹೇಳಿದಾಗ ಮಿತ್ರರ ತಾಯಿಯವರು ಒಂದೇ ಮಾತು ಕೇಳಿದರು: "ಹಡಗಿನಲ್ಲಿ ಕಾರಿನಿಂದ ಇಳಿದು ಮೆಟ್ಟಿಲು ಹತ್ತಬೇಕಂತೆ. ನನ್ನ ಮಂಡಿ ಬಲ್ಲಿರಲ್ಲಪ್ಪ. ನಾನು ಕಾರಿನಲ್ಲೇ ಕುಳಿತಿದ್ದರೆ ಯಾರಿಗೇನು ನಷ್ಟ?"

ದೀರ್ಘ ಕಡಲ ಯಾನಗಳಲ್ಲಿ ಇದಕ್ಕೆ ಅನುಮತಿಯಿಲ್ಲ. ಕಾರಣವನ್ನು ಅವರಿಗೆ ಅಡಿಗೆಮನೆಯ ಹರಿವಾಣದಿಂದಲೇ ವಿವರಿಸಿದೆವು. ಬಿಂದಿಗೆಯ ನೀರನ್ನು ಒಯ್ಯುವುದು ಸುಲಭ. ಅದೇ ನೀರನ್ನು ಅಗಲವಾದ ಹರಿವಾಣದಲ್ಲಿ ಒಯ್ದರೆ ಕೊಂಚ ವಾಲಿದರೂ ನೀರೆಲ್ಲ ಆ ಕಡೆಗೇ ಧಾವಿಸಿ ಇನ್ನಷ್ಟು ವಾಲಿಸುವುದು. ಹಡಗು ಒಂದು ಬದಿಗೆ ಬಾಗಿದಾಗ ತೇಲಿಸುವ ಬಲದ ಕೇಂದ್ರವೂ ಆ ಬದಿಗೆ ಸರಿದು ಹಡಗನ್ನು ಮೇಲೆತ್ತಿ ನಿಲ್ಲಿಸುತ್ತದೆ. ಒಳಗೆ ನೀರು ಹರಿದಾಡುತ್ತಿದ್ದರೆ ಗುರುತ್ವಕೇಂದ್ರವೂ ಅದೇ ಬದಿಗೆ ಸರಿದು ಆ ಉಪಕಾರವನ್ನು ಕೆಡಿಸುತ್ತದೆ. ಈ ಕೇಡು ನೀರು ಹರಡಿದ ಅಗಲದ ಮೂರನೆಯ ಘಾತದಂತೆ ಬೆಳೆಯುವುದು. ಉದ್ದಕ್ಕೆ ನಡುಗೋಡೆ ಹಾಕಿದರೆ ಒಂದೊಂದು ಪಾಲಿನ ಕೇಡು ಎಂಟನೆಯ ಒಂದು, ಎರಡೂ ಕೂಡಿ ನಾಲ್ಕನೆಯ ಒಂದು. ಆದರೆ ವಾಹನಗಳು ಒಂದು ತುದಿಯಿಂದ ಹೊಕ್ಕು ಇನ್ನೊಂದರಿಂದ ಹೊರಬರಬೇಕಾದ ಆ ಅಂತಸ್ತು ಬಹುಮಟ್ಟಿಗೆ ಬಯಲಿನಂತೆ ಇರುತ್ತದೆ. 100 ಮೀಟರು ಉದ್ದ, 20 ಮೀಟರು ಅಗಲದ ಅಂಥ ಬಯಲಿನಲ್ಲಿ ಮೊಣಕಾಲಿಗೂ ಬಾರದ 30 ಸೆಂಟಿಮೀಟರು ನೀರು ನಿಂತರೆ ಅದರ ತೂಕ 600 ಟನ್ನಿಗೂ ಮಿಕ್ಕುತ್ತದೆ.

1987ರ ಮಾರ್ಚ್ 6ರಂದು ಬೆಲ್ಜಿಯಮಿನ ಝೇಬ್ರುಗ್ಗೆ ಬಂದರಿನಿಂದ 'ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್' ಹಡಗು ಮುಂಬಾಗಿಲನ್ನು ಮುಚ್ಚದೆಯೇ ಹೊರಟಿತು. ವಾಹನಗಳ ಅಂತಸ್ತಿಗೆ ನೀರು ನುಗ್ಗಿ, ಕೆಲವೇ ನಿಮಿಷಗಳಲ್ಲಿ ಹಡಗು ಮಗುಚಿ 193 ಜನ ಸತ್ತರು. 1994ರ ಸೆಪ್ಟೆಂಬರ್ 28ರಂದು ಬಾಲ್ಟಿಕ್ ಸಮುದ್ರದಲ್ಲಿ ಮುಂಭಾಗದ ಮುಚ್ಚಳ ಕಳಚಿಹೋಗಿ ಮುಳುಗಿದ 'ಎಸ್ತೋನಿಯಾ'ದಲ್ಲಿ ಸತ್ತವರು 852. ಆ ಬಳಿಕ ವಾಹನಗಳ ಅಂತಸ್ತಿಗೆ ನೀರು ಹೊಕ್ಕರೂ ಹಡಗು ನಿಲ್ಲಬೇಕೆಂಬ ನಿಯಮಗಳು ಉತ್ತರ ಯೂರೋಪಿನಲ್ಲಿ ಬಿಗಿಯಾದುವು. ಹಡಗು ವಾಲತೊಡಗಿದಾಗ ಸಾಲುಸಾಲು ಕಾರುಗಳ ನಡುವೆ ಸಿಕ್ಕಿದವರಿಗೆ ಬಾಗಿಲು ತೆರೆಯಲೂ ಎಡೆಯಿರದು.

ತಾಯಿಯವರು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, "ಹಾಗಾದರೆ ಲಿಫ್ಟು ಇದೆಯೇನು ಕೇಳಿ" ಎಂದರು. ವಿಚಾರಿಸಿದೆವು, ಇದೆ. ಮೊದಲೇ ತಿಳಿಸಿ, ಬೇಗ ಹೋದರೆ ಅದರ ಬಳಿಯಲ್ಲಿಯೇ ಕಾರು ನಿಲ್ಲಿಸಲು ಪ್ರಯತ್ನಿಸುವುದಾಗಿ ಉತ್ತರ ಬಂದಿದೆ. ನಡುದಾರಿಯಲ್ಲಿ ಕಾರಿನ ಬಳಿಗೆ ಮರಳಲು ಬಿಡರಾದುದರಿಂದ ಔಷಧಿ, ಶಾಲು, ಕನ್ನಡಕಗಳಿಗೆಂದು ಅವರು ಒಂದು ಕೈಚೀಲವನ್ನು ಈಗಲೇ ಬೇರೆ ತೆಗೆದಿರಿಸಿದ್ದಾರೆ.